ದಾರದ ಓಣಿಗಳು

ನಮ್ಮ ಚಿಕ್ಕಮ್ಮ ಎಡಗೈಯವಳು. ಚಿಕ್ಕಂದಿನಲ್ಲಿ ಆ ಕೈಗಾಗಿ ಮನೆಯಲ್ಲೂ ಶಾಲೆಯಲ್ಲೂ ಬೈಸಿಕೊಂಡಿದ್ದಳು. ಕೆಲಸಕ್ಕೆ ಸೇರಿದ ಮೇಲೆ ಅದೇ ಕೈ ಅವಳಿಗೊಂದು ಹೆಸರು ತಂದುಕೊಟ್ಟಿತು.

ಭೂಮಾಪನ ಕಚೇರಿಯ ನಕ್ಷೆಕೋಣೆಯಲ್ಲಿ ಅವಳು ಟ್ರೇಸರ್ ಆಗಿದ್ದಳು. ಸರ್ವೆಯವರು ಬಿಸಿಲಲ್ಲಿ ಅಲೆದು, ಅಳೆದು, ಪೆನ್ಸಿಲ್ಲಿನಲ್ಲಿ ಗುರುತುಮಾಡಿ ತಂದ ಹಾಳೆಯ ಮೇಲೆ ತೆಳುವಾದ ನೀಲಿ ಬಟ್ಟೆಯನ್ನು ಹಾಸಿ, ಕೆಳಗೆ ಕಾಣುವ ಗೆರೆಗಳನ್ನು ಒಂದೊಂದಾಗಿ ಕಪ್ಪು ಶಾಯಿಯಲ್ಲಿ ಮೇಲಕ್ಕೆ ಎತ್ತಿಕೊಳ್ಳುವುದು ಅವಳ ಕೆಲಸ. ಉಳಿದವರು ಎಡದಂಚಿನಿಂದ ಶುರುಮಾಡಿ ಬಲಕ್ಕೆ ಬರುತ್ತಿದ್ದರು. ಚಿಕ್ಕಮ್ಮ ಹಾಗೆ ಮಾಡಿದರೆ ಹಸಿ ಶಾಯಿಯ ಮೇಲೆ ಅಂಗೈ ಹರಿದು ಊರಿಗೆ ಊರೇ ಮಸಿಯಾಗುತ್ತಿತ್ತು. ಆದ್ದರಿಂದ ಅವಳು ಬಲದಂಚಿನಿಂದ ಹೊರಟು ಎಡಕ್ಕೆ ಸಾಗುತ್ತಿದ್ದಳು. ನಕ್ಷೆಯಲ್ಲಿ ಬಲ ಎಂದರೆ ಪೂರ್ವ. "ನಮ್ಮ ಸೂರ್ಯಮ್ಮ ಬಂದರು, ಇನ್ನು ಊರಿಗೆ ಬೆಳಗಾಗುತ್ತೆ" ಎಂದು ಮೇಲ್ವಿಚಾರಕರು ಒಮ್ಮೆ ನಗೆಯಾಡಿದ್ದೇ ನೆಪ, ಕಚೇರಿಗೆಲ್ಲ ಅವಳು ಸೂರ್ಯಮ್ಮನಾದಳು.

ಆ ಕೋಣೆಯ ಬಗ್ಗೆ ಅವಳು ಹೇಳುವಾಗ ಇವತ್ತಿಗೂ ಅವಳ ದನಿ ಸ್ವಲ್ಪ ತಗ್ಗುತ್ತದೆ. ಉದ್ದನೆಯ ಕೋಣೆ. ಉತ್ತರದ ಗೋಡೆಗೆಲ್ಲ ಕಿಟಕಿಗಳು, ಅಲ್ಲಿಂದ ನೆರಳು ಚೆಲ್ಲದ ಮೆತ್ತನೆಯ ಬೆಳಕು. ಎದುರು ಗೋಡೆಗೆ ಅಗಲವಾದ, ಆಳವಿಲ್ಲದ ಡ್ರಾಯರುಗಳ ಬೀರು. ಒಂದೊಂದು ಡ್ರಾಯರಿನಲ್ಲಿ ಒಂದೊಂದು ಊರು ಮಲಗಿತ್ತು. ಮೇಲೆ ಈಗಿನ ಊರು, ಅದರ ಕೆಳಗೆ ನಿನ್ನೆ ಮೊನ್ನೆಯದು, ತಳದಲ್ಲಿ ಅಜ್ಜ ಮುತ್ತಜ್ಜರ ಕಾಲದ್ದು. ಮಧ್ಯಾಹ್ನ ಊಟದ ನಂತರ ಯಾರೂ ಮಾತಾಡುತ್ತಿರಲಿಲ್ಲ. ಪೆನ್ನಿನ ಮೊನೆ ಬಟ್ಟೆಯ ಮೇಲೆ ಹರಿಯುವ ಸಣ್ಣ ಸದ್ದು ಮಾತ್ರ. ಆ ಹೊತ್ತಿನಲ್ಲಿ ಯಾವುದೋ ಊರಿನ ಓಣಿಗೆ ಶಾಯಿ ಹಾಕುತ್ತ ಹಾಕುತ್ತ ಚಿಕ್ಕಮ್ಮನಿಗೆ ತಾನೇ ಅದರೊಳಗೆ ನಡೆಯುತ್ತಿರುವಂತೆ ಆಗುತ್ತಿತ್ತಂತೆ. ಕೈ ನಿಧಾನವಾದಷ್ಟೂ ನಡಿಗೆ ನಿಜವಾಗುತ್ತಿತ್ತು. ಓಣಿ ತಿರುಗಿದಲ್ಲಿ ಯಾರೋ ಕಿಟಕಿ ಮುಚ್ಚಿದ ಹಾಗೆ, ಬಾವಿಯ ಚುಕ್ಕೆ ಇಡುವಾಗ ಯಾರೋ ಕೊಡ ಇಳಿಬಿಟ್ಟ ಹಾಗೆ. ಹೀಗೆ ಇಡೀ ಸೀಮೆಯನ್ನು ಸುತ್ತಿದವಳು ನಿಜವಾಗಿ ತನ್ನ ಊರಿನ ರೈಲ್ವೆ ಸ್ಟೇಷನ್ನಿನಿಂದಾಚೆಗೆ ಕಾಲಿಟ್ಟಿದ್ದೇ ಅಪರೂಪ.

ಮನೆ ಇದ್ದದ್ದು ಚಿಕ್ಕಪ್ಪನ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಕಡಿದಾದ ಮೆಟ್ಟಿಲು, ಮತ್ತು ಅತ್ತೆ. ಚಿಕ್ಕಮ್ಮನ ಅತ್ತೆಯ ಬಾಯಿ ಅಂದರೆ ಬಾಯಿ. ಸೊಸೆಯ ಕೆಲಸ ಏನು ಎಂದು ಯಾರಾದರೂ ಕೇಳಿದರೆ, "ಬೇರೆಯವರು ಎಳೆದ ಗೀಟಿನ ಮೇಲೆ ಗೀಟು ಎಳೀತಾಳೆ. ಅದಕ್ಕೂ ಒಂದು ಕಚೇರಿ, ಒಂದು ಕುರ್ಚಿ" ಎನ್ನುತ್ತಿದ್ದರು. ಇಬ್ಬರ ನಡುವೆ ಚಿಕ್ಕಪ್ಪ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡರೆ ಕಿವಿಯೂ ಕೇಳಿಸದು ಎಂಬಂತೆ ಗಡಿಯಾರದೊಳಗೆ ತಲೆ ಹುದುಗಿಸಿಬಿಡುತ್ತಿದ್ದ.

ಅತ್ತೆ ತಮ್ಮ ತವರಿನ ಬಗ್ಗೆ ಮಾತ್ರ ಬಾಯಿಬಿಡುತ್ತಿರಲಿಲ್ಲ. ದೂರದ ಒಂದು ನದೀತೀರದ ಊರಿನವರು, ಹಗ್ಗ ಹೊಸೆಯುವವರ ಮನೆಯವರು, ಮದುವೆಗೆ ಮುಂಚೆಯೇ ಅಪ್ಪ ಅಮ್ಮ ಇಬ್ಬರೂ ಜ್ವರದಲ್ಲಿ ತೀರಿಕೊಂಡರು, ಸೋದರಮಾವ ಮದುವೆ ಮಾಡಿ ಇಲ್ಲಿಗೆ ಕಳಿಸಿದರು. ಇಷ್ಟು ಚಿಕ್ಕಮ್ಮನಿಗೆ ಗೊತ್ತಿತ್ತು. ಆಮೇಲೆ ಹಡಗುಕಟ್ಟೆ ದೊಡ್ಡದು ಮಾಡಲು ಆ ಓಣಿಗಳನ್ನೆಲ್ಲ ಒಡೆದು ಹಾಕಿದರಂತೆ ಎಂಬ ಸುದ್ದಿ ಯಾರೋ ತಂದಿದ್ದರು. "ಇಲ್ಲದ ಊರಿನ ದಾರಿ ಕೇಳಿ ಏನು ಮಾಡ್ತೀಯಾ?" ಎಂದು ಅತ್ತೆ ಒಮ್ಮೆ ಹೇಳಿ ಆ ಬಾಗಿಲು ಮುಚ್ಚಿಬಿಟ್ಟಿದ್ದರು.

ಅತ್ತೆಯ ಕಣ್ಣು ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಅಂಚುಗಳು ಮಸುಕಾದವು. ಆಮೇಲೆ ಮುಖಗಳು ಹೋದವು. ಕೊನೆಗೆ ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿಯಿತು. ಡಾಕ್ಟರು ತಮ್ಮ ಕೈಲಾದದ್ದು ಮಾಡಿ ಕೈಚೆಲ್ಲಿದರು. ಕಣ್ಣು ಕಮ್ಮಿಯಾದಷ್ಟೂ ಬಾಯಿ ಜೋರಾಯಿತು.

"ಈ ಸ್ಟೂಲು ಇಲ್ಲಿಗೆ ಯಾರು ತಂದಿಟ್ಟಿದ್ದು?" ಮೊಣಕಾಲು ತಿಕ್ಕಿಕೊಳ್ಳುತ್ತ ಕೇಳುತ್ತಿದ್ದರು.

"ಅತ್ತೆ, ನಾನು ಮದುವೆಯಾಗಿ ಬಂದಾಗಿನಿಂದ ಅದು ಅಲ್ಲೇ ಇದೆ."

"ಹಾಗಾದ್ರೆ ಗೋಡೆಗಳು ಓಡಾಡ್ತಿವೆ ಅನ್ನು."

ಒಂದು ದಿನ ಅವರು ಮೆಟ್ಟಿಲ ಅಂಚಿಗೆ ಹೋಗಿ, ಇನ್ನೇನು ಬೀಳಬೇಕು ಅನ್ನುವಾಗ ಚಿಕ್ಕಪ್ಪ ಕೆಳಗಿನಿಂದ ಓಡಿಬಂದು ಹಿಡಿದುಕೊಂಡ. ಅವತ್ತಿನಿಂದ ಅತ್ತೆ ಹಾಸಿಗೆ ಬಿಟ್ಟು ಏಳುವುದನ್ನೇ ನಿಲ್ಲಿಸಿದರು. ಬೈಯುವುದನ್ನೂ ನಿಲ್ಲಿಸಿದರು. ಚಿಕ್ಕಮ್ಮ ಹೆದರಿದ್ದು ಆಗಲೇ. "ಬೈತಾ ಇದ್ರೆ ಮನೇಲಿ ಮನುಷ್ಯರಿದ್ದಾರೆ ಅನ್ನಿಸ್ತಿತ್ತು" ಎಂದು ಅವಳು ನನಗೆ ಹೇಳಿದ್ದುಂಟು.

ನಕ್ಷೆ ಮಾಡುವವಳಿಗೆ ಹೊಳೆಯುವುದು ನಕ್ಷೆಯೇ ತಾನೆ. ಕಚೇರಿಯಿಂದ ಒಂದು ದಪ್ಪ ರಟ್ಟು ತಂದಳು. ಗೋಡೆಗಳಿಗೆ ಸೆಣಬಿನ ಹುರಿ, ಬಾಗಿಲು ಇದ್ದಲ್ಲಿ ಹುರಿಗೆ ಬಿಡುವು. ಮಂಚಕ್ಕೆ ಒಂದು ತುಂಡು ಕಂಬಳಿ, ಸ್ಟೂಲಿಗೆ ಗುಂಡಿ, ಒಲೆಗೆ ಮರ ನುಣುಪು ಮಾಡುವ ಒರಟು ಉಜ್ಜುಕಾಗದದ ಚೂರು. ಮೆಟ್ಟಿಲಿಗೆ ಬೆಂಕಿಕಡ್ಡಿಗಳನ್ನು ಒತ್ತೊತ್ತಾಗಿ ಅಂಟಿಸಿದಳು. ಗೋಂದು ಒಣಗಿದ ಮೇಲೆ ತಂದು ಅತ್ತೆಯ ಮಡಿಲಲ್ಲಿಟ್ಟಳು.

"ಇದೇನು? ಹರಿದ ಗೋಣಿಚೀಲವಾ?"

"ನಮ್ಮ ಮನೆ, ಅತ್ತೆ."

"ನಮ್ಮ ಮನೆ ಇಷ್ಟೊಂದು ಗಂಟು ಗಂಟಾಗಿದೆಯಾ?" ಎಂದು ಅವರು ಅದನ್ನು ದಿಂಬಿನ ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ತಿರುಗಿ ಮಲಗಿದರು.

ಕೆಲವು ದಿನ ಕಳೆದು ಚಿಕ್ಕಮ್ಮ ಕಚೇರಿಯಿಂದ ಬೇಗ ಬಂದಳು. ಮೆಟ್ಟಿಲ ಮೇಲಿನಿಂದ ನೋಡಿದರೆ, ಅತ್ತೆ ಹಾಸಿಗೆಯ ಮೇಲೆ ಎದ್ದು ಕೂತಿದ್ದಾರೆ. ರಟ್ಟಿನ ಮೇಲೆ ಬೆರಳು ಮೆಲ್ಲಗೆ ಸಾಗುತ್ತಿದೆ, ತುಟಿ ಅಲುಗುತ್ತಿದೆ. ಆಮೇಲೆ ರಟ್ಟನ್ನು ಬದಿಗಿಟ್ಟು ಎದ್ದು ನಿಂತರು. ಗೋಡೆ ಮುಟ್ಟದೆ, ಸ್ಟೂಲು ಎಡವದೆ, ಅಡುಗೆಮನೆಗೆ ಹೋಗಿ ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದು ವಾಪಸ್ಸು ಬಂದರು. ಚಿಕ್ಕಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗಿಳಿದು, ಸ್ವಲ್ಪ ಹೊತ್ತು ಅಂಗಡಿಯಲ್ಲಿ ಕೂತಿದ್ದು, ಆಮೇಲೆ ಸದ್ದು ಮಾಡುತ್ತ ಮೇಲೆ ಹತ್ತಿದಳು.

ಅವತ್ತು ಊಟಕ್ಕೆ ಕೂತಾಗ ಅತ್ತೆ ಕೇಳಿದರು: "ನಿನ್ನ ಮೆಟ್ಟಿಲು ಕೆಳಗೆ ಹೋಗಿ ನಿಂತುಬಿಡುತ್ತಲ್ಲ. ಅದರಾಚೆ ಏನೂ ಇಲ್ವಾ?"

ಚಿಕ್ಕಪ್ಪ ತಟ್ಟೆಯೊಳಗೇ ನಕ್ಕ.

ಹೀಗೆ ಬೀದಿ ಬಂತು, ಮಾರುಕಟ್ಟೆ ಬಂತು, ಪೂರ್ತಿ ಊರು ಬಂತು. ಅದೂ ಮುಗಿದ ಮೇಲೆ ಅತ್ತೆಗೆ ರುಚಿ ಹತ್ತಿಬಿಟ್ಟಿತ್ತು. "ಇನ್ನೊಂದು ಊರು ಕೊಡೇ" ಎಂದು ಮಕ್ಕಳು ಕಥೆ ಕೇಳಿದ ಹಾಗೆ ಕೇಳಲು ಶುರುಮಾಡಿದರು. ಕಚೇರಿಯಲ್ಲಿ ಶಾಯಿ ಚೆಲ್ಲಿ ಕೆಟ್ಟ ಹಾಳೆಗಳನ್ನು ಮನೆಗೆ ಒಯ್ಯಲು ಮೇಲ್ವಿಚಾರಕರ ಒಪ್ಪಿಗೆಯಿತ್ತು. ಚಿಕ್ಕಮ್ಮ ಅವುಗಳಿಂದಲೇ ಊರುಗಳನ್ನು ಮಾಡಿದಳು. ಹೆದ್ದಾರಿಗೆ ಸೆಣಬು, ಓಣಿಗೆ ಹೊಲಿಗೆಯ ದಾರ, ನದಿಗೆ ನುಣುಪಾದ ರೇಷ್ಮೆಪಟ್ಟಿ, ಮನೆಗಳಿಗೆ ಉಜ್ಜುಕಾಗದದ ಚೂರು. ರಜೆಯ ಮಧ್ಯಾಹ್ನಗಳಲ್ಲಿ ಇಬ್ಬರೂ ಕಿಟಕಿಯ ಪಕ್ಕ ಕೂರುತ್ತಿದ್ದರು. ಕೆಳಗೆ ಅಂಗಡಿಯಲ್ಲಿ ಹತ್ತಾರು ಗಡಿಯಾರಗಳು ಒಂದೊಂದು ಹೊತ್ತು ಹೇಳುತ್ತ ಟಿಕ್ ಟಿಕ್ ಎನ್ನುತ್ತಿದ್ದವು. ಅತ್ತೆಯ ಬೆರಳು ದಾರದ ಮೇಲೆ ಹೊರಡುತ್ತಿತ್ತು.

"ಊರಿನ ಹೆಸರು ಹೇಳ್ಬೇಡ. ನಾನೇ ನೋಡ್ತೀನಿ." ಸ್ವಲ್ಪ ದೂರ ಹೋಗಿ, "ಇಲ್ಲಿ ರಸ್ತೆ ಸುಮ್ನೆ ಯಾಕೆ ಸುತ್ತಿಕೊಂಡು ಹೋಗುತ್ತೆ? ಇಲ್ಲಿ ಹಿಂದೆ ಕೆರೆ ಇದ್ದಿರಬೇಕು. ನೀರು ಹೋದ್ರೂ ಜನ ನೀರಿಗೆ ದಾರಿ ಬಿಟ್ಕೊಂಡೇ ನಡೀತಾರೆ."

ಚಿಕ್ಕಮ್ಮ ಮರುದಿನ ಹಳೆಯ ಹಾಳೆ ತೆಗೆದು ನೋಡುತ್ತಿದ್ದಳು. ಕೆಲವೊಮ್ಮೆ ಕೆರೆ ಇರುತ್ತಿತ್ತು. ಕೆಲವೊಮ್ಮೆ ಇರುತ್ತಿರಲಿಲ್ಲ, ಅತ್ತೆ ಒಪ್ಪುತ್ತಿರಲಿಲ್ಲ. "ಅಳೆಯೋಕೆ ಬಂದೋನು ನೋಡಿಲ್ಲ ಅಷ್ಟೇ." ಜಗಳ ನಿಂತಿರಲಿಲ್ಲ. ಆದರೆ ಈಗ ಜಗಳ ಸ್ಟೂಲಿನ ಬಗ್ಗೆ ಇರದೆ, ನೂರಾರು ಮೈಲಿ ಆಚೆಯ ಕೆರೆಗಳ ಬಗ್ಗೆ ಇರುತ್ತಿತ್ತು.

ಆ ದಿನವೂ ಅಂಥದೇ ಒಂದು ಮಧ್ಯಾಹ್ನ. ಚಿಕ್ಕಮ್ಮ ಕೊಟ್ಟ ರಟ್ಟಿನ ಮೇಲೆ ಗುಡ್ಡದ ಇಳಿಜಾರಿನ ಒಂದು ಬಡಾವಣೆ ಇತ್ತು. ದಾರದ ಓಣಿಗಳು, ಉಜ್ಜುಕಾಗದದ ಮನೆಗಳು, ವಿಶೇಷವೇನೂ ಇಲ್ಲ. ಅತ್ತೆಯ ಬೆರಳು ಒಂದು ಓಣಿ ಹಿಡಿದು ಹೋಯಿತು, ನಿಂತಿತು, ಹಿಂದಕ್ಕೆ ಬಂತು. ಮತ್ತೆ ಹೋಯಿತು.

"ಇದನ್ನ ತಲೆಕೆಳಗೆ ಕೊಟ್ಟಿದ್ದೀಯಲ್ಲೇ."

"ಇಲ್ಲ ಅತ್ತೆ. ಉತ್ತರ ಮೇಲಿದೆ, ಸರಿಯಾಗೇ ಇದೆ."

"ನಿನ್ನ ಉತ್ತರ ನಿನ್ನ ಹತ್ರಾನೇ ಇಟ್ಕೋ." ಅವರು ರಟ್ಟನ್ನು ಮಡಿಲಲ್ಲಿ ಗಿರಕ್ಕನೆ ತಿರುಗಿಸಿದರು. ಈಗ ಎರಡೂ ಕೈ ಹಾಕಿದರು. ಎಡಗೈ ಒಂದು ಮೂಲೆಯಲ್ಲಿ ಊರಿಕೊಂಡಿತು, ಬಲಗೈ ಓಣಿಯ ಉದ್ದಕ್ಕೆ ಓಡಿತು. ಓಡಿತು ಎಂದೇ ಚಿಕ್ಕಮ್ಮ ಹೇಳುವುದು. ಚಿಕ್ಕ ಹುಡುಗಿ ಓಡಿದ ಹಾಗೆ.

"ಇಲ್ಲಿ ಬಾವಿ. ಇಲ್ಲಿ ಓಣಿ ಮೊಣಕೈ ಥರ ಮಡಚುತ್ತೆ, ನೋಡು. ಈ ಮೂಲೆ ಮನೆ ಗೂಬೆಯದು. ಗೂಬೆ ಅಂದ್ರೆ ನನ್ನ ಗೆಳತಿ, ಕಣ್ಣು ಅಷ್ಟು ದೊಡ್ಡದು ಅವಳಿಗೆ. ಅವರ ಮನೆ ಮುಂಬಾಗಿಲಿಂದ ನುಗ್ಗಿ ಹಿಂಬಾಗಿಲಿಂದ ಹಾರಿದ್ರೆ ಸೀದಾ ನದಿ. ಇದು ಹಗ್ಗ ಒಣಗಿಸೋ ಜಾಗ, ಅಲ್ಲಿ ಯಾವಾಗಲೂ ಹಸಿ ನಾರಿನ ವಾಸನೆ. ಇದು ನಮ್ಮ ಓಣಿ ಕಣೇ. ನೀನು ನನಗೆ ಹೇಳದೆ ನಮ್ಮ ಓಣಿ ಮಾಡಿಕೊಂಡು ಬಂದಿದ್ದೀಯಾ?"

"ಇಲ್ಲ ಅತ್ತೆ. ಇದು ಹೊಸ ಬಡಾವಣೆ. ಗುಡ್ಡದ ಮೇಲಿದೆ. ಇಲ್ಲಿ ನದಿಯೇ ಇಲ್ಲ."

ಅತ್ತೆ ಕೇಳಿಸಿಕೊಳ್ಳಲಿಲ್ಲ. ಬೆರಳು ಇನ್ನೂ ಸ್ವಲ್ಪ ಮುಂದೆ ಹೋಗಿ ಒಂದು ಕಡೆ ತಡವರಿಸಿತು. ಅಕ್ಕಪಕ್ಕ ಉಜ್ಜುಕಾಗದದ ಚೂರುಗಳಿದ್ದವು. ನಡುವೆ ಬರೀ ರಟ್ಟು. "ಇಲ್ಲೊಂದು ಮನೆ ಅಂಟಿಸೋದು ಮರೆತಿದ್ದೀಯಾ."

"ಮರೆತಿಲ್ಲ. ಹಾಳೆಯಲ್ಲೂ ಅಲ್ಲಿ ಖಾಲಿ ಇದೆ."

"ಅಲ್ಲಿ ನಮ್ಮ ಮನೆ" ಎಂದು ಅತ್ತೆ ಹೇಳಿ, ಬೆರಳನ್ನು ಆ ಖಾಲಿ ಜಾಗದಲ್ಲಿಟ್ಟುಕೊಂಡು ಕೂತುಬಿಟ್ಟರು.

ಮರುದಿನ ಕಚೇರಿಯಲ್ಲಿ ಚಿಕ್ಕಮ್ಮ ಆ ನದೀತೀರದ ಊರಿನ ಡ್ರಾಯರು ಎಳೆದಳು. ಗುಡ್ಡದ ಬಡಾವಣೆಯ ಹಾಳೆಯೂ ಆ ಊರಿನದೇ, ಆದರೆ ಅದನ್ನು ಅತ್ತೆಯ ತವರಿಗೆ ಹೊಂದಿಸಿ ನೋಡಬೇಕೆಂದು ಅವಳಿಗೆ ಆವರೆಗೆ ಹೊಳೆದಿರಲಿಲ್ಲ. ತಳದಲ್ಲಿದ್ದ ಹಾಳೆ ಹಳದಿಯಾಗಿ ಅಂಚು ಪುಡಿಯಾಗುತ್ತಿತ್ತು. ಹಡಗುಕಟ್ಟೆಗೆ ಮುಂಚಿನ ಕಾಲದ್ದು. ಪಶ್ಚಿಮದಲ್ಲಿ ನದಿ, ನದಿಯಿಂದ ಮೇಲಕ್ಕೆ ಹತ್ತುವ ಓಣಿಗಳು. ಅದನ್ನು ಗಾಜಿನ ಮೇಜಿನ ಮೇಲೆ ಹಾಸಿ ಕೆಳಗಿನ ದೀಪ ಹಚ್ಚಿದಳು. ಅದೇ ಊರಿನ ಹೊಸ ಹಾಳೆಯಿಂದ ಗುಡ್ಡದ ಬಡಾವಣೆಯನ್ನು ಎತ್ತಿಕೊಂಡ ನೀಲಿ ಬಟ್ಟೆಯನ್ನು ಅದರ ಮೇಲಿಟ್ಟಳು. ಗೆರೆಗಳು ಒಂದಕ್ಕೊಂದು ಅಡ್ಡಾದಿಡ್ಡಿಯಾಗಿ ಬಿದ್ದು ಹಕ್ಕಿಗೂಡಿನಂತೆ ಕಂಡವು. ಅವಳಿಗೆ ಅತ್ತೆಯ ಮಡಿಲು ನೆನಪಾಯಿತು. ಎಡಗೈಯ ಎರಡು ಬೆರಳಿನಿಂದ ಬಟ್ಟೆಯನ್ನು ಒತ್ತಿ ಮೆಲ್ಲಗೆ ತಿರುಗಿಸುತ್ತ ಹೋದಳು. ಉತ್ತರ ಬದಿಗೆ ಹೋಯಿತು, ಇನ್ನೂ ತಿರುಗಿ ಕೆಳಕ್ಕೆ ಬಂತು. ಆಗ ಬೆಳಕಿನ ಮೇಲೆ ಒಂದು ಓಣಿ ಇನ್ನೊಂದು ಓಣಿಯೊಳಗೆ ಇಳಿಯಿತು. ಅದರ ಹಿಂದೆ ಮತ್ತೊಂದು. ಬಾವಿಯ ಚುಕ್ಕೆ ಬಾವಿಯ ಚುಕ್ಕೆಯ ಮೇಲೆ ನಿಂತಿತು. ಹಕ್ಕಿಗೂಡು ಮಾಯವಾಗಿ, ಗಾಜಿನ ಮೇಲೆ ಒಂದೇ ಒಂದು ಊರು ಉಳಿಯಿತು.

ಹೆಸರುಗಳನ್ನು ಓದಿದಳು. ಹಳೆಯದರಲ್ಲಿ 'ದಡದ ಓಣಿ', ಹೊಸದರಲ್ಲೂ 'ದಡದ ಓಣಿ'. ಆ ಹೆಸರನ್ನು ತಾನೇ ಬರೆದಿದ್ದಳು. ಒಣಗುಡ್ಡದ ಮೇಲೆ ಯಾವ ದಡವಪ್ಪ ಎಂದು ಬರೆಯುವಾಗ ನಕ್ಕದ್ದೂ ನೆನಪಾಯಿತು.

ಮೇಲ್ವಿಚಾರಕರು ಬಂದು ಹಿಂದೆ ನಿಂತಿದ್ದರು. ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. "ಅಬ್ಬಾ! ಒಂದು ಕಡೆ ಅಳಿಸಿದ್ದನ್ನ ಇನ್ನೊಂದು ಕಡೆ ಬರೆದಿದ್ದಾರಲ್ಲಮ್ಮ" ಎಂದರು.

"ಯಾಕೆ ಸಾರ್ ಹೀಗೆ?"

"ಯಾಕೆ ಅನ್ನೋದು ಹಾಳೇಲಿ ಸಿಗಲ್ಲ ಸೂರ್ಯಮ್ಮ. ಎಲ್ಲಿ ಅನ್ನೋದು ಮಾತ್ರ ಸಿಗುತ್ತೆ. ಯಾಕೆ ಅಂತ ಗೊತ್ತಾಗ್ಬೇಕು ಅಂದ್ರೆ ಹೋಗ್ಬೇಕು." ಅಂದವರು ಕೇಳದೆಯೇ ರಜೆ ಕೊಟ್ಟರು.

ಚಿಕ್ಕಪ್ಪ ಒಪ್ಪಲಿಲ್ಲ. "ಅಮ್ಮನಿಗೆ ಕಣ್ಣಿಲ್ಲ. ನಿನಗೆ ಆ ಊರು ಗೊತ್ತಿಲ್ಲ. ಇಬ್ಬರೂ ಸೇರಿ ಎಲ್ಲಿಗೆ ಅಂತ ಹೋಗ್ತೀರಾ? ನಾನೂ ಬರ್ತೀನಿ."

"ನೀನು ಬಂದು ಏನು ಮಾಡ್ತೀಯೋ?" ಅತ್ತೆ ಒಳಗಿನಿಂದ ಕೂಗಿದರು. "ಊರಿನ ಗಡಿಯಾರ ಎಲ್ಲಾ ನಿಲ್ಲಿಸಿಕೊಂಡು ಕೂತಿದ್ದೀಯ. ಮೊದ್ಲು ಅವನ್ನ ನಡೆಸು. ನಮಗೆ ನಡೆಯೋಕೆ ಬರುತ್ತೆ."

ರೈಲಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಕಾಣದಿದ್ದರೂ ಅವರಿಗೆ ಕಿಟಕಿಯೇ ಬೇಕಿತ್ತು. ಗಾಳಿಗೆ ಮುಖ ಕೊಟ್ಟು ಕೂತು, ಬಯಲು ಬಂದರೆ ಬಯಲು ಎನ್ನುತ್ತಿದ್ದರು, ಕಾಡು ಬಂದರೆ ಕಾಡು. ಚಿಕ್ಕಮ್ಮನ ಕಣ್ಣಿಗೆ ಆಚೆ ಹೋಗುತ್ತಿದ್ದದ್ದೆಲ್ಲ ಅರೆನೆನಪಿನಂತೆ ಕಂಡಿತು. ಈ ತಿರುವಿಗೆ ನಾನು ಶಾಯಿ ಹಾಕಿದ್ದೆ, ಈ ಹಳ್ಳದ ಗೆರೆ ಎಳೆಯುವಾಗ ಪೆನ್ನು ಕೈಕೊಟ್ಟಿತ್ತು, ಇಲ್ಲಿ ಹೀಗೆ ಹಸಿರಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಸಂಜೆಗೆ ರೈಲು ಉದ್ದನೆಯ ಸೇತುವೆಯೊಂದರ ಮೇಲೆ ಹತ್ತಿ ಸದ್ದು ಟೊಳ್ಳಾಯಿತು. ಅತ್ತೆ ಸೊಸೆಯ ಮಣಿಕಟ್ಟು ಹಿಡಿದುಕೊಂಡರು. ಸೇತುವೆ ಮುಗಿದರೂ ಬಿಡಲಿಲ್ಲ.

ಸ್ಟೇಷನ್ನಿನ ಹತ್ತಿರದ ಒಂದು ವಸತಿಗೃಹದಲ್ಲಿ ಉಳಿದು, ಬೆಳಿಗ್ಗೆ ಬಸ್ಸು ಹತ್ತಿದರು. ಬಸ್ಸು ಅವರನ್ನು ಗುಡ್ಡದ ಬುಡದಲ್ಲಿ ಇಳಿಸಿ, ಹೊಗೆ ಬಿಟ್ಟು ಹೊರಟುಹೋಯಿತು. ಮುಂದೆ ಓಣಿ ಮೇಲಕ್ಕೆ ಹತ್ತುತ್ತಿತ್ತು. ಎರಡೂ ಕಡೆ ಒಂದಕ್ಕೊಂದು ಅಂಟಿಕೊಂಡ ಚಿಕ್ಕ ಚಿಕ್ಕ ಮನೆಗಳು, ಕಿಟಕಿಯಲ್ಲಿ ಕುಂಡಗಳು, ತಂತಿಯ ಮೇಲೆ ಬಟ್ಟೆ. ಅತ್ತೆ ಸೊಸೆಯ ಕೈ ಬಿಡಿಸಿಕೊಂಡು, ಕೋಲು ಊರಿ ನಾಲ್ಕು ಹೆಜ್ಜೆ ಹಾಕಿದವರು ನಿಂತುಬಿಟ್ಟರು.

"ಇಲ್ಲ. ಇದಲ್ಲ." ಅವರ ಮುಖ ಬಾಡಿತ್ತು. "ನದಿಯಿಂದ ಮನೆಗೆ ಹತ್ತುವಾಗ ಬೆಳಗಿನ ಬಿಸಿಲು ಮುಖಕ್ಕೆ ಹೊಡೀತಿತ್ತು. ಇದು ಬೆನ್ನಿಗೆ ಬೀಳ್ತಿದೆ."

"ಅತ್ತೆ, ನೀವೇ ರಟ್ಟನ್ನ ತಿರುಗಿಸಿದ್ರಲ್ಲ. ಊರು ತಿರುಗಿದೆ. ಸೂರ್ಯ ತಿರುಗಿಲ್ಲ."

ಅತ್ತೆ ಆ ಮಾತನ್ನು ನಿಧಾನವಾಗಿ ಒಳಗಿಳಿಸಿಕೊಂಡರು. ಆಮೇಲೆ ಭುಜದ ಮೇಲಿನ ಶಾಲನ್ನು ತೆಗೆದು ತಲೆಗೂ ಬೆನ್ನಿಗೂ ಬಿಗಿಯಾಗಿ ಸುತ್ತಿಕೊಂಡರು, ಬಿಸಿಲು ಎಲ್ಲಿಂದಲೂ ತಾಕದ ಹಾಗೆ. "ಈಗ ನಡಿ" ಎಂದರು. ಅಲ್ಲಿಂದ ಮುಂದೆ ಅವರೇ ಮುಂದು, ಸೊಸೆ ಹಿಂದು. ಅಂದಿನವರೆಗೆ ಕಾಲಿಟ್ಟಿರದ ಓಣಿಯಲ್ಲಿ ಆ ಕಣ್ಣಿಲ್ಲದ ಮುದುಕಿ ಬಾವಿ ಬಂತು ಎಂದು ಬದಿಗೆ ಸರಿದರು, ಬಾವಿ ಇತ್ತು. ಮೊಣಕೈ ಎಂದು ತಿರುಗಿದರು, ಓಣಿ ತಿರುಗಿತು. ಕಿಟಕಿಗಳಿಂದ ಜನ ನೋಡುತ್ತಿದ್ದರು. ಚಿಕ್ಕಮ್ಮನಿಗೆ ಕನಸಿನಲ್ಲಿ ಬೇರೆ ಯಾರದೋ ಹಿಂದೆ ನಡೆದುಹೋಗುತ್ತಿರುವ ಹಾಗೆ, ಕಾಲು ನೆಲಕ್ಕೆ ತಾಗುತ್ತಿಲ್ಲದ ಹಾಗೆ ಅನ್ನಿಸಿತು.

ಮೂಲೆಯ ಮನೆಯ ಮುಂದೆ ಅತ್ತೆ ನಿಂತರು. ಕೈಚಾಚಿ ಬಾಗಿಲ ಚೌಕಟ್ಟನ್ನು ಮುಟ್ಟಿದರು. ಚಿಕ್ಕಮ್ಮ, "ತಾಳಿ ಅತ್ತೆ, ನಾನು ಕೇಳ್ತೀನಿ" ಅನ್ನುವಷ್ಟರಲ್ಲಿ ಅವರು ಓಣಿಗೆಲ್ಲ ಕೇಳುವ ಹಾಗೆ ಕೂಗಿಬಿಟ್ಟರು:

"ಏ ಗೂಬೇ!"

ಚಿಕ್ಕಮ್ಮನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಒಳಗೆ ಪಾತ್ರೆಯ ಸದ್ದು ನಿಂತಿತು. ಒಂದು ಮುದಿ ದನಿ ಸಿಟ್ಟಿನಿಂದ, "ಯಾವಳೇ ಅದು, ಮನೆ ಬಾಗಿಲಿಗೆ ಬಂದು..." ಎಂದು ಶುರುವಾದದ್ದು ನಡುವೆಯೇ ಕತ್ತರಿಸಿಹೋಯಿತು. ಕಾಲೆಳೆಯುವ ಸದ್ದು ಹತ್ತಿರ ಬಂತು. ಬಾಗಿಲು ತೆರೆಯಿತು. ಕಣ್ಣುಗಳು ನಿಜಕ್ಕೂ ದೊಡ್ಡವು, ಮುಖವೆಲ್ಲ ಕುಗ್ಗಿದ್ದರೂ ಅವು ಮಾತ್ರ ಕುಗ್ಗಿರಲಿಲ್ಲ.

"ಗಿಳೀ?" ಎಂದಳು ಆಕೆ. ಅತ್ತೆಗೆ ಅಂಥದೊಂದು ಹೆಸರಿತ್ತೆಂದು ಚಿಕ್ಕಮ್ಮನಿಗೆ ತಿಳಿದದ್ದೇ ಆಗ.

ಇಬ್ಬರೂ ಅಳಲಿಲ್ಲ. ಗೂಬೆಯಮ್ಮ ಅತ್ತೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಅತ್ತೆ ಅವಳ ಮುಖವನ್ನು ಬೆರಳಿನಿಂದ ನೋಡಿದರು. "ಎಷ್ಟು ಮುದುಕಿಯಾಗಿದ್ದೀಯೇ" ಎಂದು ಒಬ್ಬಳು. "ನಿನಗೆ ಕಾಣ್ಸಲ್ವಲ್ಲ, ಹೇಗೆ ಹೇಳ್ತೀಯಾ?" ಎಂದು ಇನ್ನೊಬ್ಬಳು. "ಕೈಗೇ ಸಿಗ್ತಿದೆಯಲ್ಲ, ಸುಕ್ಕು ಹೊಲ ಉತ್ತ ಹಾಗಿದೆ." ನಗು ಶುರುವಾದದ್ದು ನಿಲ್ಲಲೇ ಇಲ್ಲ. ಅಳು ಬಂದದ್ದು ಚಿಕ್ಕಮ್ಮನಿಗೆ.

ಚಹಾ ಕುಡಿಯುತ್ತ ಗೂಬೆಯಮ್ಮ ಹೇಳಿದಳು. ಓಣಿ ಒಡೆಯುತ್ತೇವೆಂದು ಅಧಿಕಾರಿಗಳು ಬಂದಾಗ ಹಗ್ಗದವರೆಲ್ಲ ಒಂದೇ ಮಾತು ಹಿಡಿದರಂತೆ: ಹೋಗುತ್ತೇವೆ, ಆದರೆ ಪಕ್ಕದ ಮನೆಯವರು ಪಕ್ಕದಲ್ಲೇ ಇರಬೇಕು. "ಅವರು ಚೌಕ ಚೌಕ ಗೀಚಿದ ಒಂದು ಕಾಗದ ತಂದ್ರು. ನಮ್ಮ ಹಿರೀಕರು ಅದನ್ನ ನೋಡಲೂ ಇಲ್ಲ. ಹಗ್ಗ ಹೊಸೆಯೋರಲ್ವಾ ನಾವು? ಇದ್ದಬದ್ದ ಹಗ್ಗ ಎಲ್ಲ ಹೊತ್ತುಕೊಂಡು ಗುಡ್ಡ ಹತ್ತಿದ್ವಿ. ಗೂಟ ಹೊಡೆದು, ಹಗ್ಗ ಹಾಸಿ, ಇಲ್ಲಿ ಓಣಿ, ಇಲ್ಲಿ ಬಾವಿ, ಇಲ್ಲಿ ಇಂಥವರ ಹೊಸ್ತಿಲು ಅಂತ ನೆನಪಿನಿಂದಲೇ ಗುರುತು ಮಾಡಿದ್ವಿ. ಇಳಿಜಾರು ಈ ಕಡೆಗಿತ್ತು, ಹಾಗಾಗಿ ಊರು ಮುಖ ತಿರುಗಿಸಿಕೊಂಡಿತು. ಮೊದಮೊದಲು ಎಲ್ಲರೂ ಬೆಳಿಗ್ಗೆ ಎದ್ದು ಬಿಸಿಲು ಹುಡುಕ್ತಿದ್ವಿ."

"ಮತ್ತೆ ನಮ್ಮ ಮನೆ?" ಅತ್ತೆ ಕೇಳಿದರು. ದನಿ ತೀರ ಸಣ್ಣಗಿತ್ತು.

ಗೂಬೆಯಮ್ಮ ಎದ್ದು ಅವರ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಎರಡು ಮನೆಗಳ ನಡುವೆ ಹಲ್ಲು ಬಿದ್ದಂಥ ಒಂದು ಜಾಗ. ಹುಲ್ಲು ಬೆಳೆದಿತ್ತು. ಒಂದು ಬದಿಗೆ ಬಟ್ಟೆ ಒಣಗಿಸುವ ತಂತಿ, ಇನ್ನೊಂದು ಬದಿಗೆ ಕಲ್ಲುಬೆಂಚು.

"ನಿಮ್ಮಪ್ಪ ಅಮ್ಮ ಇರಲಿಲ್ಲ. ನೀನು ಎಲ್ಲಿದ್ದೀಯ ಅಂತ ಗೊತ್ತಿರಲಿಲ್ಲ. ಆದರೆ ನಿಮ್ಮ ಮನೆ ಬಿಟ್ರೆ ಆಚೆ ಮನೆಯೋರು ಈಚೆ ಮನೆಗೆ ಅಂಟಿಕೊಳ್ತಾರೆ, ಲೆಕ್ಕ ತಪ್ಪುತ್ತೆ ಅಂದ್ರು ಹಿರೀಕರು. ಅದಕ್ಕೆ ನಿಮಗೂ ಒಂದು ಹಗ್ಗ ಹಾಸಿದ್ವಿ. ಆಮೇಲೆ ಯಾರೂ ಕಟ್ಟಿಕೊಳ್ಳೋಕೆ ಮನಸ್ಸು ಮಾಡಲಿಲ್ಲ."

ಅತ್ತೆ ಚಪ್ಪಲಿ ಕಳಚಿ ಒಳಗೆ ಹೋದರು. ಗೋಡೆಯಿಲ್ಲದ ಕಡೆ ಗೋಡೆಗೆ ಕೈತಾಗದಂತೆ ಸರಿದು, ಬಾಗಿಲಿಲ್ಲದ ಬಾಗಿಲಲ್ಲಿ ತಲೆ ಬಗ್ಗಿಸಿ, ಹುಲ್ಲಿನ ನಡುವೆ ಒಂದು ಕಡೆ ಕೂತರು. "ಇಲ್ಲಿ ನಮ್ಮಮ್ಮನ ಒಲೆ" ಎಂದರು. ಮೇಲೆ ಒದ್ದೆ ಹಾಸುಬಟ್ಟೆಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು. ಇಬ್ಬರೂ ಗೆಳತಿಯರು ಅಲ್ಲೇ ಹುಲ್ಲಿನ ಮೇಲೆ ಕೂತು ಮಧ್ಯಾಹ್ನ ಕಳೆದರು. ಯಾರೂ ಅವರನ್ನು ಊಟಕ್ಕೆ ಕರೆಯಲಿಲ್ಲ, ತಟ್ಟೆಗಳೇ ಅಲ್ಲಿಗೆ ಬಂದವು.

ಅತ್ತೆ ವಾಪಸ್ಸು ಬರಲು ಒಪ್ಪಲಿಲ್ಲ. "ನೀನು ಹೋಗು. ನನಗೆ ಇಲ್ಲಿ ಇನ್ನೂ ಸುತ್ತೋದಿದೆ" ಎಂದರು. ಚಿಕ್ಕಮ್ಮ ಒಬ್ಬಳೇ ರೈಲು ಹತ್ತಿದಳು. ಅವಳು ಒಂಟಿಯಾಗಿ ಮಾಡಿದ ಮೊದಲ ಪ್ರಯಾಣ ಅದು. ದಾರಿಯುದ್ದಕ್ಕೂ ಒಂದು ನಿಮಿಷವೂ ಕಣ್ಣು ಮುಚ್ಚಲಿಲ್ಲವಂತೆ.

ಮರಗಳು ಹೂ ಬಿಡುವ ಕಾಲಕ್ಕೆ ಅತ್ತೆ ಮನೆಗೆ ಬಂದರು, ಮೈ ತುಂಬಿಕೊಂಡು, ಬಾಯಿಗೆ ಸಾಣೆ ಹಿಡಿಸಿಕೊಂಡು. ಆಮೇಲೆ ಪ್ರತಿವರ್ಷ ಹೋಗುತ್ತಿದ್ದರು. ಒಮ್ಮೊಮ್ಮೆ ಗೂಬೆಯಮ್ಮ ಇಲ್ಲಿಗೆ ಬರುತ್ತಿದ್ದಳು. ಆಗ ಚಿಕ್ಕಪ್ಪನ ಅಂಗಡಿಗೆ ಬಂದ ಗಿರಾಕಿಗಳು ಮೇಲಿನ ನಗುವಿಗೆ ತಲೆಯೆತ್ತಿ ನೋಡುತ್ತಿದ್ದರು. ಖಾಲಿ ಜಾಗದಲ್ಲಿ ಮನೆ ಕಟ್ಟೋಣವೇ ಎಂದು ಚಿಕ್ಕಪ್ಪ ಒಮ್ಮೆ ಕೇಳಿದ್ದಕ್ಕೆ ಅತ್ತೆ, "ಈಗ ಅಲ್ಲಿ ಎಲ್ಲರ ಬಟ್ಟೆ ಒಣಗುತ್ತೆ. ಅದು ಸಾಕು" ಎಂದರಂತೆ. ಅವರು ತೀರಿಕೊಂಡದ್ದು ಒಂದು ಮಳೆಗಾಲದ ಮುಂಜಾನೆ, ನಿದ್ದೆಯಲ್ಲೇ. ಸುದ್ದಿ ತಿಳಿದ ಗೂಬೆಯಮ್ಮ ಬರುವ ಸ್ಥಿತಿಯಲ್ಲಿರಲಿಲ್ಲ. ಅವಳ ಮಗಳು ಬಂದು ಚಿಕ್ಕಮ್ಮನ ಪಕ್ಕದಲ್ಲಿ, ಸ್ವಂತ ತಂಗಿಯ ಹಾಗೆ, ಮೂರು ಹೊತ್ತೂ ಕೂತಿದ್ದಳು.

ಕಚೇರಿಗೆ ಕಂಪ್ಯೂಟರುಗಳು ಬಂದವು. ನೀಲಿ ಬಟ್ಟೆಯನ್ನು ಸುತ್ತಿಟ್ಟರು. ಚಿಕ್ಕಮ್ಮ ಬೇಸರಪಡಲಿಲ್ಲ. ನಿವೃತ್ತಳಾದ ಮೇಲೆ ಚಿಕ್ಕಪ್ಪನಿಗೆ ಊಟಕ್ಕೊಂದು ವ್ಯವಸ್ಥೆ ಮಾಡಿಟ್ಟು, ಒಂದು ಕೈಚೀಲ ಹಿಡಿದು ತಾನು ಶಾಯಿ ಹಾಕಿದ ಊರುಗಳನ್ನು ನೋಡಲು ಹೊರಡತೊಡಗಿದಳು. ಊರು ಸೇರಿ, ಯಾವುದಾದರೂ ಚಹಾದಂಗಡಿಯಲ್ಲಿ ಕೂತು, ಈ ರಸ್ತೆ ಯಾಕೆ ಹೀಗೆ ಬಾಗುತ್ತೆ ಎಂದು ಕೇಳುತ್ತಾಳೆ. ಅಲ್ಲಿದ್ದವರಿಗೆ ಹೇಳಲು ಯಾವಾಗಲೂ ಏನೋ ಇರುತ್ತದೆ.

ಕಳೆದ ಚಳಿಗಾಲದಲ್ಲಿ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ನದಿ ಕವಲೊಡೆದು ಸಮುದ್ರ ಸೇರುವ ಜಾಗ. ಅಲ್ಲಿ ಒಂದು ಪುಟ್ಟ ದ್ವೀಪವಿತ್ತು, ಅದರ ಅಂಚನ್ನು ಬರೆಯುವುದರಲ್ಲಿ ಅವಳಿಗೆ ಪೆನ್ನಿನ ಎರಡು ಮೊನೆ ಮುರಿದಿದ್ದವು. ನಾವು ಒಂದು ದೋಣಿ ಮಾಡಿಕೊಂಡು ಹೊರಟೆವು. ಮಂಜು ಇನ್ನೂ ನೀರಿನ ಮೇಲೆಯೇ ಇತ್ತು. ಬಹಳ ದೂರ ಹೋದ ಮೇಲೆ ಚಿಕ್ಕಮ್ಮ, "ದ್ವೀಪ ಎಲ್ಲಪ್ಪಾ?" ಎಂದು ಕೇಳಿದಳು.

ದೋಣಿಯವನು ಹುಟ್ಟನ್ನು ಮೇಲೆತ್ತಿ ಹಿಡಿದ. ಹನಿಗಳು ಉದುರಿ ನಿಂತವು. "ನೀರು ತಗೊಂಡು ಹೋಯ್ತಮ್ಮ. ನೀವು ಈಗ ಅದರ ಮೇಲೇ ಇದ್ದೀರಿ."

ಚಿಕ್ಕಮ್ಮ ದೋಣಿಯಂಚಿನಿಂದ ಬಗ್ಗಿ ಕೆಳಗೆ ನೋಡಿದಳು. ಕೆಸರುಗಂದು ನೀರು, ಅದರಲ್ಲಿ ಏನೂ ಕಾಣುತ್ತಿರಲಿಲ್ಲ. "ಸ್ವಲ್ಪ ಹೊತ್ತು ನಿಲ್ಲಿಸಪ್ಪ" ಎಂದಳು. ಅವನು ನಿಲ್ಲಿಸಿದ. ದೋಣಿ ಮೆಲ್ಲಗೆ ತೂಗುತ್ತಿತ್ತು. ಅವಳು ಸ್ವೆಟರಿನ ತೋಳು ಮೇಲಕ್ಕೆ ಮಡಚಿ, ಅತ್ತೆ ಅಂದು ರಟ್ಟಿನ ಖಾಲಿ ಜಾಗದಲ್ಲಿ ಬೆರಳಿಟ್ಟ ಹಾಗೆ ಎಡಗೈಯನ್ನು ನೀರಿಗೆ ಇಳಿಬಿಟ್ಟು, ಬಿಸಿಲು ಬರುವವರೆಗೆ ಹಾಗೆಯೇ ಕೂತಿದ್ದಳು.